ಚೀಟಿಗೂ ಮಾತ್ರೆಗೂ ನಡುವೆ: ಗಡಿನಾಡಿನಲ್ಲಿ ಔಷಧ ಕೊಡುವ ಕೈಗಳು ಪಳಗಿದ ಕಥೆ

ಜ್ವರ ಬಂದಾಗ ನಾವು ವೈದ್ಯರನ್ನು ಕಾಣುತ್ತೇವೆ. ಅವರು ಪರೀಕ್ಷಿಸಿ ಒಂದು ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಆಸ್ಪತ್ರೆಯ ಔಷಧದ ಕಿಂಡಿಯೊಳಗೆ ಹೋಗುತ್ತದೆ, ಮಾತ್ರೆ ಹೊರಗೆ ಬರುತ್ತದೆ. ವೈದ್ಯರ ಹೆಸರು ನಮಗೆ ನೆನಪಿರುತ್ತದೆ, ಚುಚ್ಚುಮದ್ದು ಕೊಟ್ಟ ನರ್ಸಮ್ಮನ ಮುಖವೂ ನೆನಪಿರುತ್ತದೆ. ಕಿಂಡಿಯ ಆಚೆ ನಿಂತು ಔಷಧ ಕೊಟ್ಟವರು ಯಾರು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೇವೆ. ಆದರೆ ಚೀಟಿಯಲ್ಲಿ ಬರೆದದ್ದು ರೋಗಿಯ ಹೊಟ್ಟೆಗೆ ಸರಿಯಾಗಿ ಸೇರುವುದು ಈ ಮೂರನೆಯ ವ್ಯಕ್ತಿಯ ಕೈಯಿಂದ. ಆ ಕೈ ಪಳಗಿಲ್ಲದಿದ್ದರೆ ಒಳ್ಳೆಯ ವೈದ್ಯರ ವಿದ್ಯೆಯೂ ಒಳ್ಳೆಯ ಕಾರ್ಖಾನೆಯ ಔಷಧವೂ ವ್ಯರ್ಥ.

ವಿದ್ಯಾರ್ಥಿ ಮಿತ್ರರೇ, ಈ ಲೇಖನದಲ್ಲಿ ನಾವು ನೋಡಲಿರುವುದು ಆ ಕೈಗಳ ಚರಿತ್ರೆಯನ್ನು. ದೊಡ್ಡ ನಗರಗಳಲ್ಲಿ ಔಷಧ ವಿಜ್ಞಾನದ ಕಾಲೇಜುಗಳು ಹೇಗೋ ಬೆಳೆಯುತ್ತವೆ. ಕಾಡು, ಬೆಟ್ಟ, ಗಡಿಗಳ ನಡುವಿನ ಊರುಗಳಲ್ಲಿ ಆ ವಿದ್ಯೆ ನೆಲೆಯೂರುವುದು ಹೇಗೆ? ಇದು ನಿಜವಾಗಿ ಕಷ್ಟದ ಪ್ರಶ್ನೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸೀಮೆಯನ್ನು ಮುಂದಿಟ್ಟುಕೊಂಡು ಇದಕ್ಕೆ ಉತ್ತರ ಹುಡುಕೋಣ.

ಸಮುದ್ರವಿಲ್ಲದ ದ್ವೀಪ

1992ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದಲ್ಲಿ ಭೂ ಶೃಂಗಸಭೆ ನಡೆಯಿತು. ಅಲ್ಲಿ ಪ್ರಪಂಚದ ರಾಷ್ಟ್ರಗಳು ಒಂದು ವಿಶೇಷ ಗುಂಪನ್ನು ಗುರುತಿಸಿದವು: ಅಭಿವೃದ್ಧಿಶೀಲ ಸಣ್ಣ ದ್ವೀಪ ರಾಷ್ಟ್ರಗಳು. ಮಾರಿಷಸ್, ಮಾಲ್ಡೀವ್ಸ್, ಫಿಜಿ, ಕಿರಿಬಾಟಿ ಮುಂತಾದ ಸುಮಾರು 40 ದೇಶಗಳು ಈ ಗುಂಪಿಗೆ ಸೇರುತ್ತವೆ. ಇವುಗಳ ಕಷ್ಟಗಳು ಒಂದೇ ಬಗೆಯವು. ಜನಸಂಖ್ಯೆ ಕಡಿಮೆ, ದೂರ ಹೆಚ್ಚು, ಔಷಧವೆಲ್ಲ ಹಡಗು ಅಥವಾ ವಿಮಾನದಲ್ಲಿ ಬರಬೇಕು, ಹಡಗು ತಪ್ಪಿದರೆ ಮುಂದಿನ ಹಡಗಿನವರೆಗೆ ಕಾಯಬೇಕು. ಪೆಸಿಫಿಕ್ ಸಾಗರದ ಕಿರಿಬಾಟಿ ದೇಶವನ್ನೇ ನೋಡಿ. ಅದು 33 ದ್ವೀಪಗಳ ದೇಶ. ಅದರ ಒಟ್ಟು ಜನಸಂಖ್ಯೆ ನಮ್ಮ ಒಂದು ತಾಲ್ಲೂಕಿನಷ್ಟು. ಅಷ್ಟು ಜನಕ್ಕಾಗಿ ಒಂದೊಂದು ದ್ವೀಪದಲ್ಲೂ ಒಂದು ಔಷಧ ಕಾಲೇಜು ತೆರೆಯಲಾಗದು. ಓದಲು ಹೊರದೇಶಕ್ಕೆ ಹೋದ ಹುಡುಗನೋ ಹುಡುಗಿಯೋ ಹಿಂದಿರುಗಿ ಬರುವ ಭರವಸೆಯೂ ಇಲ್ಲ.

ಈಗ ಕರ್ನಾಟಕದ ಭೂಪಟ ತೆಗೆದು ದಕ್ಷಿಣದ ತುದಿಯನ್ನು ನೋಡಿ. ಗುಂಡ್ಲುಪೇಟೆಯಿಂದ ಹೊರಟ ಒಂದು ರಸ್ತೆ ಕೇರಳದ ವಯನಾಡಿಗೂ ಇನ್ನೊಂದು ತಮಿಳುನಾಡಿನ ನೀಲಗಿರಿಗೂ ಹೋಗುತ್ತದೆ. ಎರಡಕ್ಕೂ ಅಡ್ಡವಾಗಿ ಬಂಡೀಪುರದ ಕಾಡು ಹಬ್ಬಿದೆ. 2009ರಲ್ಲಿ ಬಂದ ಆದೇಶದ ಪ್ರಕಾರ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಆ ಕಾಡಿನ ದಾರಿಯಲ್ಲಿ ಸಾಮಾನ್ಯ ವಾಹನಗಳು ಓಡಾಡುವಂತಿಲ್ಲ. ತುರ್ತು ವಾಹನಗಳಿಗೆ ವಿನಾಯಿತಿ ಇದೆ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಅದರಾಚೆ ಮಲೆ ಮಹದೇಶ್ವರ ಬೆಟ್ಟ. ಅಲ್ಲಿನ ಸೋಲಿಗರ ಪೋಡುಗಳಿಗೆ ಕಾಡಿನ ದಾರಿಯೇ ಗತಿ. ದೊಡ್ಡ ಆಸ್ಪತ್ರೆಗಳ ಮೈಸೂರು ಗುಂಡ್ಲುಪೇಟೆಯಿಂದಲೂ ಚಾಮರಾಜನಗರದಿಂದಲೂ ಸುಮಾರು 60 ಕಿಲೋಮೀಟರ್. ಬಸ್ಸಿರುವವನಿಗೆ ಇದು ಒಂದೂವರೆ ಗಂಟೆಯ ಹಾದಿ. ಪೋಡಿನಲ್ಲಿ ಮಲಗಿದ ರೋಗಿಗೆ ಇದೇ ಸಮುದ್ರ. 2011ರ ಜನಗಣತಿಯಂತೆ ಸುಮಾರು 10 ಲಕ್ಷ 20 ಸಾವಿರ ಜನರಿರುವ ಈ ಜಿಲ್ಲೆ ರೂಪುಗೊಂಡದ್ದೇ 1997ರಲ್ಲಿ. ಅಲ್ಲಿಯವರೆಗೆ ಇದು ಮೈಸೂರು ಜಿಲ್ಲೆಯ ದೂರದ ಅಂಚಾಗಿತ್ತು.

ಆದ್ದರಿಂದ ಸಣ್ಣ ದ್ವೀಪಗಳ ಪ್ರಶ್ನೆ ನಮಗೆ ಪರಕೀಯವಲ್ಲ. ದೂರದ ಊರಿಗೆ ಔಷಧದ ಪೆಟ್ಟಿಗೆಯನ್ನು ಕಳಿಸಬಹುದು. ಆ ಪೆಟ್ಟಿಗೆಯನ್ನು ತೆರೆದು ಸರಿಯಾಗಿ ಬಳಸಬಲ್ಲ ಕೈಯನ್ನು ಎಲ್ಲಿಂದ ತರುವುದು?

ಕಾಂಪೌಂಡರ್ ಎಂಬ ಕಲಾವಿದ

ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಅವರ ಕಾಲದ ಸರ್ಕಾರಿ ಆಸ್ಪತ್ರೆಗೆ ಹೋಗುವವರು ಕೈಯಲ್ಲಿ ಒಂದು ಖಾಲಿ ಸೀಸೆ ಹಿಡಿದು ಹೋಗುತ್ತಿದ್ದರು. ಕಾಂಪೌಂಡರ್ ಅದಕ್ಕೆ ಬಣ್ಣದ ಮಿಕ್ಸ್ಚರ್ ತುಂಬಿ, ಪಕ್ಕಕ್ಕೆ ಕಚ್ಚುಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ವೇಳೆಯ ಔಷಧ. ಓದುಬರಹ ಬಾರದ ರೋಗಿಗೂ ಅರ್ಥವಾಗುವ ಅಳತೆ ಅದು! ಪುಡಿಗಳನ್ನು ತೂಗಿ ಪೊಟ್ಟಣ ಕಟ್ಟುವುದು, ಮುಲಾಮು ಅರೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಇವೆಲ್ಲವೂ ಎಷ್ಟೋ ಕಡೆ ಅದೇ ವ್ಯಕ್ತಿಯ ಕೆಲಸ.

ಇದು ಸುಲಭದ ಕೆಲಸವಾಗಿರಲಿಲ್ಲ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಸಲ್ಫೇಟ್ ಬರಿಯ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ. ಸ್ವಲ್ಪ ತೆಳು ಆಮ್ಲ ಬೆರೆಸಿದರೆ ಕರಗುತ್ತದೆ. ಅದೇ ಸೀಸೆಗೆ ಅರಿಯದೆ ಸೋಡಾ ಬೈಕಾರ್ಬೊನೇಟಿನಂಥ ಕ್ಷಾರವನ್ನು ಸೇರಿಸಿದರೆ? ಕ್ವಿನೈನ್ ಮತ್ತೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಆಗ ಮೊದಲ ವೇಳೆಗಳಲ್ಲಿ ರೋಗಿ ಕುಡಿಯುವುದು ಬರಿಯ ಕಹಿ ನೀರು, ಕೊನೆಯ ವೇಳೆಯಲ್ಲಿ ಕುಡಿಯುವುದು ಅಪಾಯಕರ ಪ್ರಮಾಣದ ಔಷಧ. ಸೀಸೆಯಲ್ಲಿದ್ದ ಒಟ್ಟು ಔಷಧ ಸರಿಯಾಗಿಯೇ ಇರುತ್ತದೆ, ಆದರೆ ಚಿಕಿತ್ಸೆ ತಪ್ಪಿರುತ್ತದೆ. ರಸಾಯನಶಾಸ್ತ್ರದ ತರಗತಿಯಲ್ಲಿ ನೀವು ಓದುವ ಒತ್ತರದ ಪಾಠ ಇಲ್ಲಿ ಜೀವದ ಪ್ರಶ್ನೆಯಾಗುತ್ತದೆ.

ಈ ವಿದ್ಯೆಯನ್ನು ಕಾಂಪೌಂಡರ್ ಕಲಿತದ್ದು ಹೆಚ್ಚಾಗಿ ಹಿರಿಯರ ಪಕ್ಕದಲ್ಲಿ ನಿಂತು. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲೇ ಔಷಧ ತಯಾರಿಕೆಯ ತರಬೇತಿ ಆರಂಭವಾಗಿತ್ತು ನಿಜ. ಆದರೆ ಅಲ್ಲಿಯವರೆಗೆ ಹೋಗಿ ಕಲಿಯಬಲ್ಲವರು ಎಷ್ಟು ಮಂದಿ? ಹಳ್ಳಿಯ ಡಿಸ್ಪೆನ್ಸರಿಗಳಲ್ಲಿ ಕೈ ನೋಡಿ ಕೈ ಕಲಿಯುವುದೇ ವಾಡಿಕೆ. ಅದರಲ್ಲಿ ಒಂದು ಗುಣವಿತ್ತು: ಕಲಿತವನು ಅದೇ ಊರಿನಲ್ಲಿ ಉಳಿಯುತ್ತಿದ್ದ. ಒಂದು ದೋಷವೂ ಇತ್ತು: ಗುರುವಿನ ತಪ್ಪು ಶಿಷ್ಯನ ಶಾಸ್ತ್ರವಾಗುತ್ತಿತ್ತು.

ಕ್ವಿನೈನ್ ಕಲಿಸಿದ ಪಾಠ

ಗುಂಡ್ಲುಪೇಟೆಯಿಂದ ಗೂಡಲೂರಿನ ಮೇಲೆ ಊಟಿಗೆ ಹೋಗುವ ದಾರಿಯಲ್ಲಿ ನಡುವಟ್ಟಂ ಎಂಬ ಊರಿದೆ. 1860ರಿಂದೀಚೆಗೆ ಬ್ರಿಟಿಷರು ನೀಲಗಿರಿಯಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ಗಿಡಗಳನ್ನು ಬೆಳೆಸಿದರು. ಅದರ ತೊಗಟೆಯಿಂದ ಕ್ವಿನೈನ್ ತೆಗೆಯುವ ಸರ್ಕಾರಿ ಕಾರ್ಖಾನೆ ಇದ್ದದ್ದು ಇದೇ ನಡುವಟ್ಟಂನಲ್ಲಿ. ಅಂದರೆ ಮಲೇರಿಯಾ ಕಾಡುತ್ತಿದ್ದ ಬೆಟ್ಟದಡಿಯ ಸೀಮೆಗೆ ಮಲೇರಿಯಾದ ಔಷಧ ನೂರು ಕಿಲೋಮೀಟರಿನೊಳಗೇ ತಯಾರಾಗುತ್ತಿತ್ತು. ಔಷಧ ಹತ್ತಿರದಲ್ಲಿ ತಯಾರಾದ ಮಾತ್ರಕ್ಕೆ ರೋಗಿಗೆ ಶುದ್ಧವಾಗಿ ತಲುಪುತ್ತದೆ ಎಂದು ಹೇಳಲಾಗದು. 1920ರ ದಶಕದಲ್ಲಿ ಭಾರತದ ಮಾರುಕಟ್ಟೆಯಲ್ಲಿ ಕಲಬೆರಕೆ ಕ್ವಿನೈನಿನ ಹಾವಳಿ ಎಷ್ಟು ಹೆಚ್ಚಿತೆಂದರೆ ಶಾಸನಸಭೆಯಲ್ಲಿಯೇ ದನಿ ಎದ್ದಿತು.

ಅದರ ಫಲವಾಗಿ 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಕವಾಯಿತು. 1931ರಲ್ಲಿ ಬಂದ ಅದರ ವರದಿಯ ತಿರುಳು ಇದು: ಔಷಧದ ಗುಣಮಟ್ಟಕ್ಕೆ ಕಾನೂನು ಬೇಕು, ಜೊತೆಗೆ ಔಷಧ ಕೊಡುವವರಿಗೆ ಶಿಕ್ಷಣ ಬೇಕು. ಮರುವರ್ಷವೇ, 1932ರಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಔಷಧ ರಸಾಯನಶಾಸ್ತ್ರದ ಬೋಧನೆಯನ್ನು ಆರಂಭಿಸಿದರು. 1937ರಲ್ಲಿ ಅದು ಬಿ.ಫಾರ್ಮ್ ಪದವಿಯಾಯಿತು. ಕಾನೂನಿನ ಭಾಗ ತಡವಾಗಿ ಬಂದಿತು. 1940ರಲ್ಲಿ ಔಷಧ ಕಾಯ್ದೆ, 1945ರಲ್ಲಿ ಅದರ ನಿಯಮಗಳು, 1948ರಲ್ಲಿ ಫಾರ್ಮಸಿ ಕಾಯ್ದೆ.

ಈ ನಡುವೆ ಪ್ರಕಟವಾದ ಒಂದು ಅಂಕಿಯನ್ನು ನೀವು ನೆನಪಿಡಬೇಕು. 1946ರಲ್ಲಿ ಸರ್ ಜೋಸೆಫ್ ಭೋರ್ ಸಮಿತಿಯು ಭಾರತದ ಆರೋಗ್ಯ ಸ್ಥಿತಿಯ ವರದಿ ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಆಗ ಸುಮಾರು 47,500 ವೈದ್ಯರಿದ್ದರು, ಅಂದರೆ 6,300 ಜನರಿಗೆ ಒಬ್ಬರು. ಅರ್ಹತೆ ಪಡೆದ ಫಾರ್ಮಾಸಿಸ್ಟರು ಎಷ್ಟು ಗೊತ್ತೆ? ಕೇವಲ 75! ನಲವತ್ತು ಲಕ್ಷ ಜನರಿಗೆ ಒಬ್ಬರು. ಇಂದಿನ ಇಡೀ ಚಾಮರಾಜನಗರ ಜಿಲ್ಲೆಯಂಥ ನಾಲ್ಕು ಜಿಲ್ಲೆಗಳನ್ನು ಸೇರಿಸಿದರೆ ಒಬ್ಬ ಅರ್ಹ ಫಾರ್ಮಾಸಿಸ್ಟ್ ಸಿಗುತ್ತಿದ್ದ ಲೆಕ್ಕ. ಉಳಿದ ಕೆಲಸವನ್ನೆಲ್ಲ ಹೊತ್ತಿದ್ದವರು ಕಾಂಪೌಂಡರುಗಳು.

ಇದ್ದ ಕೈಗಳನ್ನು ಬಿಡದೆ

ಇಲ್ಲಿ ಕಾನೂನು ರೂಪಿಸಿದವರ ಮುಂದೆ ಒಂದು ಇಕ್ಕಟ್ಟಿತ್ತು. ಓದಿದವರು ಮಾತ್ರ ಔಷಧ ಕೊಡಬೇಕು ಎಂದು ಒಂದೇ ದಿನದಲ್ಲಿ ಆಜ್ಞೆ ಹೊರಡಿಸಿದರೆ ಮಾರನೆಯ ಬೆಳಗ್ಗೆ ದೇಶದ ಸಾವಿರಾರು ಕಿಂಡಿಗಳು ಮುಚ್ಚುತ್ತವೆ. ಹಾಗೆಂದು ಬಾಗಿಲನ್ನು ತೆರೆದೇ ಇಟ್ಟರೆ ಯಾರು ಬೇಕಾದರೂ ಒಳಗೆ ನುಗ್ಗುತ್ತಾರೆ. 1948ರ ಕಾಯ್ದೆ ಮಧ್ಯಮ ಮಾರ್ಗ ಹಿಡಿಯಿತು. ಮೊದಲ ನೋಂದಣಿ ಪಟ್ಟಿಯಲ್ಲಿ ಪದವೀಧರರ ಜೊತೆಗೆ, ಆಸ್ಪತ್ರೆ ಅಥವಾ ಡಿಸ್ಪೆನ್ಸರಿಯಲ್ಲಿ ಕನಿಷ್ಠ 5 ವರ್ಷ ಔಷಧ ಬೆರೆಸಿದ ಅನುಭವವಿರುವವರಿಗೂ ಜಾಗ ಕೊಟ್ಟಿತು. ಔಷಧ ನಿಯಮಗಳಲ್ಲಿಯೂ ಇಂಥದೇ ಏರ್ಪಾಡಿತ್ತು. ನಾಲ್ಕು ವರ್ಷ ಔಷಧ ವಿತರಣೆಯ ಅನುಭವವಿದ್ದು ಅಧಿಕಾರಿಗಳ ಒಪ್ಪಿಗೆ ಪಡೆದವರನ್ನು ‘ಅರ್ಹ ವ್ಯಕ್ತಿ’ ಎಂದು ಮಾನ್ಯ ಮಾಡಲಾಯಿತು. ಆದರೆ ಅದಕ್ಕೊಂದು ಗಡುವಿತ್ತು: 1969ರ ಡಿಸೆಂಬರ್ 31. ಅದರ ನಂತರ ಅನುಭವವೊಂದರಿಂದಲೇ ಆ ಮಾನ್ಯತೆ ಪಡೆಯುವ ದಾರಿ ಮುಚ್ಚಿತು.

ನಮ್ಮ ಸೀಮೆಯ ಕಥೆಗೆ ಇನ್ನೊಂದು ತೊಡಕಿತ್ತು. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಅವುಗಳ ನೆರೆಯ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಒಂದೇ ಮಾತು, ಒಂದೇ ಜಾತ್ರೆ, ಒಂದೇ ಜ್ವರ. ಆದರೆ ಎರಡು ಸರ್ಕಾರಗಳ ಆಸ್ಪತ್ರೆ, ಎರಡು ಬಗೆಯ ನಿಯಮ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಗಡಿ ಅಳಿಯಿತು.

ಅದೇ 1956ರಲ್ಲಿ ಬಂದ ತೂಕ ಮತ್ತು ಅಳತೆಗಳ ಕಾಯ್ದೆ ಕಾಂಪೌಂಡರುಗಳನ್ನು ಮತ್ತೆ ವಿದ್ಯಾರ್ಥಿಗಳನ್ನಾಗಿ ಮಾಡಿತು. ಗ್ರೇನ್, ಔನ್ಸ್‌ಗಳಲ್ಲಿ ಪಳಗಿದ ಕೈಗಳು ಗ್ರಾಂ, ಮಿಲಿಲೀಟರುಗಳಿಗೆ ಹೊಂದಿಕೊಳ್ಳಬೇಕಾಯಿತು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಒಂದು ಗ್ರಾಂ ಅದರ ಹದಿನೈದು ಪಟ್ಟು. ಎರಡರ ಹೆಸರೂ ‘ಗ್ರ’ದಿಂದಲೇ ಶುರು. ಚೀಟಿ ಓದುವಾಗ ಒಂದನ್ನು ಇನ್ನೊಂದೆಂದು ತಿಳಿದರೆ ಗತಿಯೇನು, ಯೋಚಿಸಿ! ಆ ಹಳೆಯ ಅಳತೆಯ ನೆರಳು ಇನ್ನೂ ನಮ್ಮ ನಡುವೆ ಇದೆ. ಜ್ವರಕ್ಕೆ ನುಂಗುವ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ ನಿಜವಾಗಿ ಹಳೆಯ 10 ಗ್ರೇನ್. ಅಷ್ಟು ವಿಚಿತ್ರವಾದ ಸಂಖ್ಯೆ ಏಕೆ ಎಂದು ನಿಮಗೆ ಅನ್ನಿಸಿದ್ದರೆ ಉತ್ತರ ಇಲ್ಲಿದೆ.

ಮುಂದೆ ಕಾಲೇಜುಗಳ ಕಾಲ ಬಂದಿತು. 1963ರಲ್ಲಿ ಮಣಿಪಾಲದಲ್ಲಿ, 1964ರಲ್ಲಿ ಬೆಂಗಳೂರಿನಲ್ಲಿ ಔಷಧ ವಿಜ್ಞಾನದ ಕಾಲೇಜುಗಳು ಆರಂಭವಾದವು. ಗಡಿನಾಡಿನ ಮಕ್ಕಳಿಗೆ ಎರಡೂ ದೂರವೇ. ಕಪಿಲಾ ನದಿಯ ದಡದ ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠ 1973ರಲ್ಲಿ ಮೈಸೂರಿನಲ್ಲಿ, 1980ರಲ್ಲಿ ಊಟಿಯಲ್ಲಿ ಫಾರ್ಮಸಿ ಕಾಲೇಜುಗಳನ್ನು ತೆರೆಯಿತು. ಈಗ ಗುಂಡ್ಲುಪೇಟೆ ಎರಡು ಔಷಧ ಕಾಲೇಜುಗಳ ನಡುವಿನ ದಾರಿಯಲ್ಲಿತ್ತು. ವಿದ್ಯೆ ಒಂದು ಬಸ್ಸಿನ ದೂರಕ್ಕೆ ಬಂದಿತು. ಎರಡು ವರ್ಷದ ಡಿ.ಫಾರ್ಮ್ ಓದಿ, ಆಸ್ಪತ್ರೆ ಅಥವಾ ಅಂಗಡಿಯಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆದು, ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರೇ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಿಂಡಿಗಳಿಗೆ ಬಂದರು. ಆ 500 ಗಂಟೆ ಬೇರೇನೂ ಅಲ್ಲ, ಹಳೆಯ ಕಾಂಪೌಂಡರನ ಪಕ್ಕದಲ್ಲಿ ನಿಂತು ಕಲಿಯುವ ಪದ್ಧತಿಯೇ ಹೊಸ ರೂಪದಲ್ಲಿ ಉಳಿದುಕೊಂಡದ್ದು.

ಯಳಂದೂರಿನ ಕ್ಯಾಲೆಂಡರ್ ಪಟ್ಟಿ

ಮಿಕ್ಸ್ಚರ್ ಹೋಗಿ ಕಾರ್ಖಾನೆಯ ಮಾತ್ರೆ ಬಂದ ಮೇಲೆ ಔಷಧ ಕೊಡುವವರಿಗೆ ಕೆಲಸವೇನು ಉಳಿಯಿತು ಎಂದು ಕೆಲವರು ಕೇಳುತ್ತಾರೆ. ಪೆಟ್ಟಿಗೆಯಿಂದ ತೆಗೆದು ಕೊಡಲು ವಿದ್ಯೆ ಬೇಕೇ? ಇದಕ್ಕೆ ಉತ್ತರ ಯಳಂದೂರು ತಾಲ್ಲೂಕಿನಲ್ಲಿದೆ.

ವೈದ್ಯರಾದ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. 1986ರಲ್ಲಿ ಆರಂಭವಾದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನ ಕುಷ್ಠರೋಗವನ್ನು ಎದುರಿಸಲು ಹೊರಟಿತು. ಆಗ ಅಲ್ಲಿ ಸಾವಿರಕ್ಕೆ 20ಕ್ಕೂ ಹೆಚ್ಚು ಮಂದಿ ರೋಗಿಗಳು. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದ ಆರಂಭದಲ್ಲಿ ಸೂಚಿಸಿದ ಬಹುಔಷಧ ಚಿಕಿತ್ಸೆ ಇದಕ್ಕೆ ಮದ್ದು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಾಜಿಮಿನ್ ಎಂಬ ಔಷಧಗಳನ್ನು ಒಂದು ಕ್ಯಾಲೆಂಡರಿನಂತೆ ದಿನಕ್ಕೊಂದು ಗುಳಿಯಲ್ಲಿ ಜೋಡಿಸಿದ ಪಟ್ಟಿ ಬರುತ್ತದೆ. ತಿಂಗಳಿಗೊಮ್ಮೆ ನುಂಗುವ ಮಾತ್ರೆಗಳನ್ನು ಆರೋಗ್ಯ ಕಾರ್ಯಕರ್ತರ ಎದುರಿಗೇ ನುಂಗಬೇಕು. ಉಳಿದವನ್ನು ದಿನವೂ ಮನೆಯಲ್ಲಿ. ರೋಗದ ಬಗೆಯನ್ನು ನೋಡಿ ಆರು ತಿಂಗಳಿನಿಂದ ಒಂದೆರಡು ವರ್ಷದವರೆಗೆ.

ಈಗ ಒಬ್ಬ ಕೂಲಿಕಾರನನ್ನು ಊಹಿಸಿಕೊಳ್ಳಿ. ಮೊದಲ ದಿನ ಮಾತ್ರೆ ನುಂಗುತ್ತಾನೆ; ಸ್ವಲ್ಪ ಹೊತ್ತಿನಲ್ಲಿ ಮೂತ್ರ ಕೆಂಪಗಾಗುತ್ತದೆ. ಅದು ರಿಫಾಂಪಿಸಿನಿನ ಬಣ್ಣ, ಅಪಾಯವಿಲ್ಲ. ಕೆಲವು ತಿಂಗಳಲ್ಲಿ ಮೈ ಬಣ್ಣ ಕಪ್ಪಾಗುತ್ತದೆ. ಅದು ಕ್ಲೊಫಾಜಿಮಿನಿನ ಗುಣ, ಚಿಕಿತ್ಸೆ ಮುಗಿದ ಮೇಲೆ ಕ್ರಮೇಣ ತಿಳಿಯಾಗುತ್ತದೆ. ಇದನ್ನು ಮೊದಲೇ ಅವನ ಮಾತಿನಲ್ಲಿ ಯಾರೂ ಹೇಳದಿದ್ದರೆ ಏನಾಗುತ್ತದೆ? ಔಷಧವೇ ತನ್ನನ್ನು ಕೊಲ್ಲುತ್ತಿದೆ ಎಂದು ಹೆದರಿ ಪಟ್ಟಿಯನ್ನು ಬೇಲಿಯಾಚೆ ಎಸೆಯುತ್ತಾನೆ. ರೋಗ ಉಳಿಯುತ್ತದೆ, ಮನೆಯವರಿಗೂ ಹರಡುತ್ತದೆ. ಹೇಳುವುದಕ್ಕೆ ಎರಡು ನಿಮಿಷ ಸಾಕು. ಆದರೆ ಹೇಳುವವರಿಗೆ ಔಷಧದ ಗುಣವೂ ತಿಳಿದಿರಬೇಕು, ಊರಿನ ಮಾತೂ ತಿಳಿದಿರಬೇಕು.

ಯಳಂದೂರಿನಲ್ಲಿ ಈ ಎರಡೂ ಕೂಡಿಬಂದವು. ಮನೆಮನೆಗೆ ಹೋಗಿ ರೋಗಿಗಳನ್ನು ಗುರುತಿಸಿ, ಮಾತ್ರೆ ಮುಗಿಯುವವರೆಗೆ ಬೆನ್ನು ಬಿಡದೆ ನೋಡಿಕೊಂಡರು. ಸುಮಾರು ಎರಡು ದಶಕಗಳಲ್ಲಿ ರೋಗದ ಪ್ರಮಾಣ ಸಾವಿರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. ಸೋಲಿಗ ಹೆಣ್ಣುಮಕ್ಕಳಿಗೇ ಆರೋಗ್ಯ ಸಹಾಯಕಿಯರ ತರಬೇತಿ ಕೊಟ್ಟು ಅವರವರ ಪೋಡುಗಳ ಸೇವೆಗೆ ಕಳಿಸುವ ಕೆಲಸವನ್ನೂ ಬೆಟ್ಟದ ಕೇಂದ್ರ ಮಾಡಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಕರುಣಾ ಟ್ರಸ್ಟ್ ವಹಿಸಿಕೊಂಡದ್ದು ಇದರ ಮುಂದುವರಿಕೆ. ದೂರದ ಊರಿಗೆ ಹೊರಗಿನವರನ್ನು ಕರೆತಂದು ಉಳಿಸಿಕೊಳ್ಳುವುದಕ್ಕಿಂತ ಆ ಊರಿನವರಿಗೇ ವಿದ್ಯೆ ಕೊಡುವುದು ಹೆಚ್ಚು ಬಾಳಿಕೆಯ ದಾರಿ ಎಂಬುದನ್ನು ಈ ಬೆಟ್ಟ ತೋರಿಸಿಕೊಟ್ಟಿತು.

ಸರಿಸುಮಾರು ಅದೇ ಕಾಲದಲ್ಲಿ, 1990ರ ದಶಕದ ಉತ್ತರಾರ್ಧದಲ್ಲಿ, ಜೆ.ಎಸ್.ಎಸ್.ನ ಮೈಸೂರು ಮತ್ತು ಊಟಿ ಕಾಲೇಜುಗಳು ಆಸ್ಟ್ರೇಲಿಯಾದ ಔಷಧತಜ್ಞರ ನೆರವಿನಿಂದ ಕ್ಲಿನಿಕಲ್ ಫಾರ್ಮಸಿ ಬೋಧನೆಯನ್ನು ಆರಂಭಿಸಿದವು. ಫಾರ್ಮಾಸಿಸ್ಟ್ ಕಿಂಡಿಯ ಹಿಂದಿನಿಂದ ಎದ್ದು ವೈದ್ಯರ ಜೊತೆ ರೋಗಿಯ ಹಾಸಿಗೆಯ ಬಳಿಗೆ ಹೋಗುವ ಪದ್ಧತಿ ಇದು. 2008ರಲ್ಲಿ ದೇಶದಲ್ಲಿ ಆರು ವರ್ಷಗಳ ಫಾರ್ಮ್.ಡಿ. ಶಿಕ್ಷಣಕ್ಕೆ ನಿಯಮ ಬರುವ ಮೊದಲೇ ನಮ್ಮ ನೆರೆಯಲ್ಲಿ ಅದರ ಬೀಜ ಬಿದ್ದಿತ್ತು.

ಹತ್ತು ಸೀಸೆಯ ಲೆಕ್ಕ

ಔಷಧ ಕೊಡುವುದರಷ್ಟೇ ಮುಖ್ಯವಾದದ್ದು ಔಷಧ ಮುಗಿಯದಂತೆ ನೋಡಿಕೊಳ್ಳುವುದು. ಇದಕ್ಕೆ ಗುಂಡ್ಲುಪೇಟೆಯ ಹೊಲಗಳಿಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅರಿಸಿನ, ಚೆಂಡುಹೂವಿನ ಹೊಲಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಹಾವಿನ ಭಯ ಇದ್ದೇ ಇದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೂ ಸೇರಿ ಒಂದೇ ಪ್ರತಿವಿಷ ನಮ್ಮ ದೇಶದಲ್ಲಿ ತಯಾರಾಗುತ್ತದೆ. ವಿಷವೇರಿದ ರೋಗಿಗೆ ಮೊದಲಿಗೇ 8ರಿಂದ 10 ಸೀಸೆ ಬೇಕಾಗುತ್ತದೆ. ಮಗುವಿಗೂ ಅಷ್ಟೇ, ಕಚ್ಚಿದವರ ವಯಸ್ಸು ನೋಡಿ ಹಾವು ವಿಷವನ್ನು ಕಡಿಮೆ ಬಿಡುವುದಿಲ್ಲವಲ್ಲ!

ದಾಸ್ತಾನು ಪುಸ್ತಕದಲ್ಲಿ ‘10 ಸೀಸೆ ಇದೆ’ ಎಂದು ಬರೆದಿದ್ದರೆ ಅಕ್ಷರಬಲ್ಲ ಯಾರಾದರೂ ಓದಬಲ್ಲರು. ‘ಒಬ್ಬ ರೋಗಿಗೆ ಮಾತ್ರ ಇದೆ’ ಎಂದು ಅದನ್ನು ಅರ್ಥಮಾಡಿಕೊಂಡು ಅಂದೇ ಬೇಡಿಕೆ ಪತ್ರ ಕಳಿಸುವವರು ತರಬೇತಾದವರು. ಪ್ರತಿವಿಷವು ದ್ರವರೂಪದ್ದಾದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಪುಡಿರೂಪದ್ದಾದರೆ ಶುದ್ಧ ನೀರಿನಲ್ಲಿ ಮೆಲ್ಲಗೆ ತಿರುಗಿಸಿ ಕರಗಿಸಬೇಕು; ಜೋರಾಗಿ ಕುಲುಕಿದರೆ ನೊರೆಯೆದ್ದು ಅದರ ಪ್ರೋಟೀನು ಕೆಡುತ್ತದೆ. ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿತು. ಎಲ್ಲಿ ಎಷ್ಟು ಕಡಿತ ಎಂಬ ಲೆಕ್ಕ ಸಿಕ್ಕಿದರೆ ಎಲ್ಲಿ ಎಷ್ಟು ಸೀಸೆ ಇಡಬೇಕು ಎಂಬ ಲೆಕ್ಕವೂ ಸಿಗುತ್ತದೆ.

ಇದೇ ಲೆಕ್ಕದ ಇನ್ನೊಂದು ಪಾಠ ನೋವಿನದು. ಕೋವಿಡ್‌ನ ಎರಡನೆಯ ಅಲೆಯಲ್ಲಿ, 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಆ ರಾತ್ರಿ ಅಲ್ಲಿ ಆಮ್ಲಜನಕದ ಕೊರತೆಯಾಗಿತ್ತು. ರಾಜ್ಯದ ಹೈಕೋರ್ಟು ಸಮಿತಿಯಿಂದ ವಿಚಾರಣೆ ಮಾಡಿಸಿತು. ಆಮ್ಲಜನಕವೂ ಒಂದು ಔಷಧ ಎಂಬುದನ್ನು ನಾವು ಮರೆಯುತ್ತೇವೆ. ಒಂದು ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಬೇಕಾದ ರೋಗಿಗೆ ಅದು 700 ನಿಮಿಷ, ಅಂದರೆ 12 ಗಂಟೆಗೂ ಕಡಿಮೆ. ನಿಮಿಷಕ್ಕೆ 60 ಲೀಟರ್ ಬೇಕಾದವರಿಗೆ ಎರಡು ಗಂಟೆಯೂ ಬಾರದು. ಸಿಲಿಂಡರ್ ಬರಬೇಕಾದ ಊರು 60 ಕಿಲೋಮೀಟರ್ ದೂರವಿದ್ದಾಗ ಈ ಭಾಗಾಕಾರವನ್ನು ಮೊದಲೇ ಮಾಡಬೇಕು. ಚಾಮರಾಜನಗರಕ್ಕೆ 2016ರಲ್ಲಿ ವೈದ್ಯಕೀಯ ಕಾಲೇಜು ಬಂದಿತ್ತು, ವೈದ್ಯರೂ ಇದ್ದರು. ಜೀವ ಉಳಿಯಲು ಅದರ ಜೊತೆಗೆ ಪೂರೈಕೆಯ ವಿದ್ಯೆಯೂ ಗಟ್ಟಿಯಾಗಿರಬೇಕು ಎಂಬುದನ್ನು ಆ ರಾತ್ರಿ ಹೇಳಿಹೋಯಿತು.

ದ್ವೀಪಗಳಿಗೆ ಹೋದ ವಿದ್ಯೆ

ಈಗ ಮತ್ತೆ ಸಮುದ್ರದಾಚೆಯ ದ್ವೀಪಗಳಿಗೆ ಹೋಗೋಣ. 1879ರಲ್ಲಿ ‘ಲಿಯೊನಿಡಾಸ್’ ಎಂಬ ಹಡಗು ಕಲ್ಕತ್ತೆಯಿಂದ ಭಾರತೀಯ ಕೂಲಿಗಳನ್ನು ಹೊತ್ತು ಫಿಜಿಗೆ ಬಂದಿತು. ಹಡಗಿನಲ್ಲಿ ಕಾಲರಾ ಮತ್ತು ಸಿಡುಬು ಕಾಣಿಸಿಕೊಂಡಿದ್ದವು. ಅದಕ್ಕೆ ನಾಲ್ಕು ವರ್ಷ ಹಿಂದಷ್ಟೇ, 1875ರಲ್ಲಿ, ದಡಾರದಿಂದ ಫಿಜಿಯ ಜನಸಂಖ್ಯೆಯ ದೊಡ್ಡ ಪಾಲು ನಾಶವಾಗಿತ್ತು. ಹೊರಗಿನಿಂದ ವೈದ್ಯರನ್ನು ತರಿಸಿ ದ್ವೀಪದ್ವೀಪಕ್ಕೂ ಕಳಿಸುವುದು ಆಗದ ಮಾತು. 1885ರಲ್ಲಿ ಸುವಾ ಪಟ್ಟಣದಲ್ಲಿ ಒಂದು ಶಾಲೆ ತೆರೆದು ಫಿಜಿಯ ಯುವಕರಿಗೇ ಸಿಡುಬಿನ ಲಸಿಕೆ ಹಾಕುವುದನ್ನು ಕಲಿಸಿದರು. ಅಷ್ಟು ಸಣ್ಣದಾಗಿ ಹುಟ್ಟಿದ ಆ ಶಾಲೆಯೇ ಮುಂದೆ ಪೆಸಿಫಿಕ್ ದ್ವೀಪಗಳ ಪ್ರಮುಖ ವೈದ್ಯಕೀಯ ವಿದ್ಯಾಲಯವಾಗಿ ಬೆಳೆಯಿತು. ಈಗ ಅಲ್ಲಿ ಔಷಧ ವಿಜ್ಞಾನವನ್ನೂ ಕಲಿಸುತ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ನಾವು ಕಂಡ ದಾರಿಯೇ ಇದಲ್ಲವೇ?

ಇನ್ನೊಂದು ಸಂಗತಿ ನಿಮಗೆ ಹೆಮ್ಮೆ ತರಬಹುದು. ಕಪಿಲೆಯ ದಡದ ಅದೇ ಸುತ್ತೂರಿನ ವಿದ್ಯಾಪೀಠ ಈ ಶತಮಾನದ ಮೊದಲ ದಶಕದಲ್ಲಿ ಹಿಂದೂ ಮಹಾಸಾಗರದ ಮಾರಿಷಸ್‌ನಲ್ಲಿ ವಿದ್ಯಾಸಂಸ್ಥೆ ತೆರೆದು ಅಲ್ಲಿನ ಮಕ್ಕಳಿಗೆ ಔಷಧ ವಿಜ್ಞಾನವನ್ನು ಕಲಿಸತೊಡಗಿತು. ಓದಲು ದೇಶ ಬಿಟ್ಟು ಹೋಗಬೇಕಿದ್ದ ದ್ವೀಪದ ವಿದ್ಯಾರ್ಥಿಗೆ ಕಾಲೇಜೇ ದ್ವೀಪಕ್ಕೆ ಬಂದಂತಾಯಿತು. ಮೈಸೂರು ಸೀಮೆಯಲ್ಲಿ ಗಳಿಸಿದ ಅನುಭವ ಒಂದು ಸಣ್ಣ ದ್ವೀಪ ರಾಷ್ಟ್ರಕ್ಕೆ ಹೀಗೆ ತಲುಪಿತು.

ಹೆಮ್ಮೆಯ ಜೊತೆಗೆ ಹೊಣೆಯೂ ಇದೆ. ಭಾರತದ ಔಷಧಗಳು ಇಂದು ಎಷ್ಟೋ ದ್ವೀಪಗಳ ಆಸ್ಪತ್ರೆಗಳಿಗೆ ಹೋಗುತ್ತವೆ. 2023ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಎಚ್ಚರಿಕೆ ಹೊರಡಿಸಿತು. ಪೆಸಿಫಿಕ್‌ನ ಮಾರ್ಷಲ್ ದ್ವೀಪಗಳು ಮತ್ತು ಮೈಕ್ರೊನೇಷ್ಯಾದಲ್ಲಿ ಸಿಕ್ಕ, ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್ಪೊಂದರಲ್ಲಿ ಮೂತ್ರಪಿಂಡವನ್ನು ಕೆಡಿಸುವ ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್ ಮಿತಿಮೀರಿ ಇದ್ದವು. ಅದನ್ನು ಪರೀಕ್ಷಿಸಿ ಕಂಡುಹಿಡಿದದ್ದು ಆಸ್ಟ್ರೇಲಿಯಾದ ಪ್ರಯೋಗಾಲಯ. ನೂರು ವರ್ಷದ ಹಿಂದೆ ನಮ್ಮ ಮಾರುಕಟ್ಟೆಗೆ ಕಲಬೆರಕೆ ಕ್ವಿನೈನ್ ಬಂದಾಗ ನಾವಿದ್ದ ಜಾಗದಲ್ಲಿ ಈಗ ಆ ದ್ವೀಪಗಳಿವೆ. ತಯಾರಿಸುವಲ್ಲಿ ಒಬ್ಬ, ಕೊಡುವಲ್ಲಿ ಒಬ್ಬ, ಹೀಗೆ ಎರಡು ತುದಿಯಲ್ಲೂ ಬಲ್ಲವರಿದ್ದರೆ ಮಾತ್ರ ನಡುವಿನ ಮಗು ಸುರಕ್ಷಿತ.

ನಿಮ್ಮ ಪಾಲಿಗೆ

ಚರಿತ್ರೆ ನಮಗೆ ಹೇಳುವುದನ್ನು ಕ್ರೋಡೀಕರಿಸೋಣ. ದೂರದ ಊರುಗಳಲ್ಲಿ ಔಷಧದ ವಿದ್ಯೆ ಮೂರು ಹಂತಗಳಲ್ಲಿ ನೆಲೆಯೂರಿತು. ಮೊದಲು, ಇದ್ದ ಕಾಂಪೌಂಡರುಗಳನ್ನು ದೂಡದೆ, ಗಡುವು ಹಾಕಿ, ಕಾನೂನಿನೊಳಗೆ ತಂದರು. ಬಳಿಕ ಕಾಲೇಜು ಬಸ್ಸಿನ ದೂರಕ್ಕೆ ಬಂದಿತು. ಕೊನೆಗೆ, ಆ ಊರಿನ ಮಕ್ಕಳೇ ಕಲಿತು ಆ ಊರಿನಲ್ಲಿ ನಿಂತರು. ಮೂರನೆಯ ಹಂತ ಇನ್ನೂ ಪೂರ್ತಿಯಾಗಿಲ್ಲ. ಅದನ್ನು ಪೂರ್ತಿ ಮಾಡಬೇಕಾದವರು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುತ್ತಿರುವ ನೀವು. ವೈದ್ಯಕೀಯ ಸೀಟು ಸಿಗದವರು ಹೋಗುವ ಕೋರ್ಸು ಎಂದು ಇದನ್ನು ತಿಳಿಯಬೇಡಿ. ರಸಾಯನಶಾಸ್ತ್ರವೂ ಜೀವಶಾಸ್ತ್ರವೂ ಲೆಕ್ಕವೂ ಜನರ ಮಾತೂ ಒಂದೇ ಮೇಜಿನ ಮೇಲೆ ಕೂಡುವ ಕೆಲಸ ಇನ್ನೊಂದು ಸಿಗುವುದು ಕಷ್ಟ.

ಮುಂದಿನ ಸಲ ಔಷಧದ ಅಂಗಡಿಗೆ ಹೋದಾಗ ಗೋಡೆಯ ಮೇಲೆ ತೂಗುಹಾಕಿರುವ ಫಾರ್ಮಾಸಿಸ್ಟರ ನೋಂದಣಿ ಪತ್ರವನ್ನು ಓದಿ. ಆ ಹೆಸರಿನವರು ಅಂಗಡಿಯಲ್ಲಿ ಇದ್ದಾರೆಯೇ ನೋಡಿ. ಕಾನೂನಿನ ಪ್ರಕಾರ ವೈದ್ಯರ ಚೀಟಿಯ ಔಷಧವನ್ನು ಕೊಡಬೇಕಾದದ್ದು ಅವರು, ಅಥವಾ ಅವರ ಕಣ್ಣೆದುರಿಗೆ. ಇದ್ದರೆ ಮೂರು ಪ್ರಶ್ನೆ ಕೇಳಿ: ಇದನ್ನು ಊಟಕ್ಕೆ ಮೊದಲು ನುಂಗಬೇಕೋ ನಂತರವೋ? ಎಷ್ಟು ದಿನ? ಏನಾದರೂ ತೊಂದರೆ ಕಂಡರೆ ಏನು ಮಾಡಬೇಕು? ಚೆನ್ನಾಗಿ ಉತ್ತರ ಹೇಳಿದವರ ಹೆಸರನ್ನು ಕೇಳಿ ತಿಳಿದುಕೊಳ್ಳಿ. ನಿಮ್ಮ ಊರಿನಲ್ಲಿ ವೈದ್ಯರಷ್ಟೇ ಬೇಕಾದವರು ಅವರು.